ಸೂಟಿಯೂ ಸವಾರಿಯೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಕೋಶವನ್ನು ಹೇಗೆ ಓದಬೇಕೆಂಬದನ್ನು ಕಲಿಸಲಿಕ್ಕೆ ಶಾಲೆಗಳಿವೆ, ಕಾಲೇಜುಗಳಿವೆ, ಪ್ರಾಧ್ಯಾಪಕರಿದ್ದಾರೆ, ಕೊನೆಗೆ ಪರೀಕ್ಷೆಗಳೂ ಇವೆ. ದೇಶವನ್ನು ಹೇಗೆ ಸುತ್ತಬೇಕೆಂಬದನ್ನು ಮಾತ್ರ ನಮಗೆ ಯಾರೂ ಕಲಿಸಿಲ್ಲ. ಹೀಗಾಗಿ ಸೂಟಿ ಬಂತೆಂದರೆ ನಾವು ದೇಶವನ್ನು ಸುತ್ತುವದಿಲ್ಲ, ದಾಟಿ ಹೋಗುತ್ತೇವೆ. ರಾತ್ರಿ ಬಸ್ಸು ಹತ್ತಿ ಮಲಗಿದರೆ ಬೆಳಗಾಗುವದರೊಳಗೆ ಗೋವೆಯೋ ಊಟಿಯೋ ಬಂದಿರುತ್ತದೆ. ನಡುವಿನ ನಾಡೆಲ್ಲ ಕತ್ತಲಲ್ಲಿ ಕಳೆದು ಹೋಗಿರುತ್ತದೆ. ಅಲ್ಲಿ ಇಳಿದು, ನಾಲ್ಕು ಕಡೆ ನಿಂತು, ನಾಲ್ಕು ಫೋಟೋ ತೆಗೆಸಿಕೊಂಡು ಮರಳಿದರೆ ಪ್ರವಾಸ ಮುಗಿಯಿತು.

ಈ ಫೋಟೋಗಳಲ್ಲಿ ಒಂದು ಮಾತ್ರ ತಪ್ಪದೆ ಇರುತ್ತದೆ. ಕಡಲ ದಂಡೆಯಲ್ಲಿಯೋ ಕೆರೆಯ ಏರಿಯ ಮೇಲೆಯೋ ನಮ್ಮ ಮಿತ್ರರು ಕುದುರೆಯ ಮೇಲೆ ಕುಳಿತಿರುತ್ತಾರೆ. ಲಗಾಮನ್ನು ಮತ್ತೊಬ್ಬನು ಹಿಡಿದಿರುತ್ತಾನೆ. ಕುದುರೆ ನೂರು ಹೆಜ್ಜೆ ಆ ಕಡೆ, ನೂರು ಹೆಜ್ಜೆ ಈ ಕಡೆ ನಡೆದಿರುತ್ತದೆ. ಇಳಿದ ಮೇಲೆ ಆ ಕುದುರೆಯ ಹೆಸರನ್ನು ಕೇಳಿದವರಿಲ್ಲ. ಬಾಲಿ, ಮಾರಿಷಸ್ ಮುಂತಾದ ದ್ವೀಪಗಳ ಜಾಹೀರಾತುಗಳಲ್ಲಿಯೂ ಇದೇ ಚಿತ್ರ: ನೀಲಿ ಕಡಲು, ತೆಂಗಿನ ಸಾಲು, ಅದರ ಕೆಳಗೆ ಒಂದು ಬಿಳಿ ಕುದುರೆ. ಉಷ್ಣವಲಯದ ಸೂಟಿ ಎಂದು ಅದಕ್ಕೆ ಹೆಸರು. ಚಳಿ ದೇಶದವರಿಗೆ ಉಷ್ಣವಲಯವೊಂದು ಕನಸಾಗಿದ್ದರೆ ಸಹಜವೇ. ಆದರೆ ಭೂಗೋಲದ ಪುಸ್ತಕವನ್ನು ತೆರೆದು ನೋಡಿದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳೂ ಕರ್ಕವೃತ್ತದ ಈಚೆಗೆ ಸುಮಾರು 16ನೆಯ ಅಕ್ಷಾಂಶದ ಹತ್ತಿರವೇ ಇವೆ. ನಾವು ಹುಟ್ಟಿದ್ದೇ ಉಷ್ಣವಲಯದಲ್ಲಿ. ಅದನ್ನು ನೋಡಲಿಕ್ಕೆ ಹಣ ಕೊಟ್ಟು ಬೇರೆ ಕಡೆ ಹೋಗುವ ನಮಗೆ ನಮ್ಮ ಊರಿನ ಗುಡ್ಡದ ಆಚೆಗೆ ಏನಿದೆ ಎಂಬದು ತಿಳಿಯದು.

ಕುದುರೆ ಸವಾರಿಯೂ ನಿಸರ್ಗ ಸಂಚಾರವೂ ಸೂಟಿಯನ್ನು ಕಳೆಯಲಿಕ್ಕೆ ಅತ್ಯುತ್ತಮವಾದ ದಾರಿಗಳೆಂದು ನಾನು ನಂಬಿದ್ದೇನೆ. ಅವೆರಡನ್ನೂ ನಮ್ಮ ನಾಲ್ಕು ತಾಲೂಕುಗಳಲ್ಲಿಯೇ ಮಾಡಬಹುದು, ಮಾಡಬೇಕು. ಆದರೆ ಸವಾರನಾಗುವವನು ಮೊದಲು ಕುದುರೆಯ ಋಣವನ್ನು ಅರಿತಿರಬೇಕು. ಈ ಮೂರು ಮಾತುಗಳನ್ನು ವಾಚಕ ಮಿತ್ರರ ಮುಂದೆ ಇಡುವದೇ ಈ ಲೇಖನದ ಉದ್ದೇಶ.

ಕುದುರೆ ಸವಾರಿ ಎಂದೊಡನೆ ಅದು ಸಾಹೇಬರ ಷೋಕಿ, ಶ್ರೀಮಂತರ ಮೋಜು ಎಂದು ಮೂಗು ಮುರಿಯುವವರಿದ್ದಾರೆ. ಅವರು ಇತಿಹಾಸವನ್ನು ಸ್ವಲ್ಪ ತಿರುವಿ ನೋಡಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಯೇರಿ ಚೆಂಡಾಡುವ ವಿನೋದದ ವರ್ಣನೆಯಿದೆ. ಅದೇ ಚಾಲುಕ್ಯರ ಮಾಂಡಲಿಕರಾಗಿ ಸವದತ್ತಿಯಿಂದ ಆಳಿದವರು ರಟ್ಟರು. ಆಗ ಸವದತ್ತಿಯ ಹೆಸರು ಸುಗಂಧವರ್ತಿ. ನಮ್ಮ ಹಳ್ಳಿಗಳ ಗುಡಿಯ ಮಗ್ಗುಲಲ್ಲಿ, ಅಗಸಿಯ ಹೊರಗೆ ಒರಗಿ ನಿಂತ ವೀರಗಲ್ಲುಗಳನ್ನು ಸುಣ್ಣ ಕೆರೆದು ನೋಡಿದರೆ ಎಷ್ಟೋ ಕಲ್ಲುಗಳಲ್ಲಿ ಕುದುರೆಯೇರಿದ ವೀರನು ಕಾಣುತ್ತಾನೆ. ಅವನು ಸಾಹೇಬನಲ್ಲ, ನಮ್ಮ ಊರಿನವನೇ.

ಇನ್ನು ಬೆಳವಡಿಯ ಮಲ್ಲಮ್ಮನ ಕಥೆಯನ್ನು ಕೇಳದವರು ಯಾರು? ಬೈಲಹೊಂಗಲ ತಾಲೂಕಿನ ಬೆಳವಡಿಯ ಈ ರಾಣಿ 17ನೆಯ ಶತಮಾನದ ಉತ್ತರಾರ್ಧದಲ್ಲಿ ಹೆಣ್ಣುಮಕ್ಕಳ ದಂಡು ಕಟ್ಟಿ, ದಕ್ಷಿಣದ ದಂಡಯಾತ್ರೆಯಿಂದ ಮರಳುತ್ತಿದ್ದ ಶಿವಾಜಿ ಮಹಾರಾಜರ ಸೈನ್ಯವನ್ನು ಎದುರಿಸಿದಳೆಂಬದು ನಾಡಿಗೆಲ್ಲ ಪ್ರಸಿದ್ಧ. ಅವಳಿಗೂ ಮಹಾರಾಜರಿಗೂ ಕೊನೆಗೆ ಆದ ಸ್ನೇಹವನ್ನು ನೆನಪಿಸುವ ಶಿಲ್ಪವೆಂದು ಧಾರವಾಡ ಜಿಲ್ಲೆಯ ಯಾದವಾಡದ ಕಲ್ಲನ್ನು ಇಂದಿಗೂ ತೋರಿಸುತ್ತಾರೆ. ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮನು ಚಿಕ್ಕಂದಿನಲ್ಲಿಯೇ ಕತ್ತಿವರಸೆ, ಬಿಲ್ಲುವಿದ್ಯೆಗಳ ಜೊತೆಗೆ ಕುದುರೆ ಸವಾರಿಯನ್ನೂ ಕಲಿತಳೆಂದು ನಾವು ಶಾಲೆಯಲ್ಲಿಯೇ ಓದಿದ್ದೇವೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಸತ್ತು ಬಿದ್ದನು. ಮುಂದೆ ಕೋಟೆ ಇಂಗ್ಲಿಷರ ವಶವಾಗಿ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ರಾಣಿಯು ತೀರಿಕೊಂಡಳು. ಅವಳ ಸಮಾಧಿ ನಮ್ಮ ಕಣ್ಣೆದುರಿನಲ್ಲಿಯೇ ಇದೆ.

ಇಂದು ಚೆನ್ನಮ್ಮನು ಕುದುರೆಯೇರಿದ ಮೂರ್ತಿ ಹುಬ್ಬಳ್ಳಿಯಲ್ಲಿದೆ, ಬೆಳಗಾವಿಯಲ್ಲಿದೆ. 2007ರಲ್ಲಿ ದಿಲ್ಲಿಯ ಸಂಸತ್ತಿನ ಆವರಣದಲ್ಲಿಯೂ ಅಂಥದೇ ಮೂರ್ತಿ ನಿಂತಿತು. ಸಂಗೊಳ್ಳಿ ರಾಯಣ್ಣನನ್ನೂ ನಾವು ಕುದುರೆಯ ಮೇಲೆಯೇ ಕೂಡಿಸಿದ್ದೇವೆ. ವರ್ಷಕ್ಕೊಮ್ಮೆ ಕಿತ್ತೂರು ಉತ್ಸವದಲ್ಲಿ ಹೂಮಾಲೆ ಹಾಕಿ ಜಯಕಾರ ಕೂಗುತ್ತೇವೆ. ಇದೆಲ್ಲ ಯೋಗ್ಯವೇ. ಆದರೆ ಜಯಕಾರ ಹಾಕಿದ ನಮ್ಮಲ್ಲಿ ಎಷ್ಟು ಜನ ಒಂದು ಜೀವಂತ ಕುದುರೆಯ ಹತ್ತಿರ ನಿಂತು ಅದರ ಕುತ್ತಿಗೆ ಸವರಿದ್ದೇವೆ? ಕಂಚಿನ ಕುದುರೆಗೆ ಹಾರ ಹಾಕುವವರಿಗೆ ಹುಲ್ಲು ತಿನ್ನುವ ಕುದುರೆಯ ಪರಿಚಯ ಬೇಡವೆ?

ಪರಿಚಯ ಹಿಂದೆ ಇತ್ತು ಎಂಬದಕ್ಕೆ ಬೇರೆ ಸಾಕ್ಷಿ ಬೇಡ, ಈ ಕಡೆಯ ಯಾವದೇ ಕಾಲೇಜಿನ ಹಾಜರಿ ಪಟ್ಟಿ ಸಾಕು. ಶಿಲೇದಾರ ಎಂಬ ಅಡ್ಡಹೆಸರಿನವರು ಇದ್ದಾರೆ. ಸ್ವಂತ ಕುದುರೆಯೊಂದಿಗೆ ಚಾಕರಿಗೆ ಬಂದವನು ಶಿಲೇದಾರ. ಬಾರಗೀರ ಎಂಬವರಿದ್ದಾರೆ. ಸರಕಾರದ ಕುದುರೆ ಹತ್ತಿದವನು ಬಾರಗೀರ. ಕುದುರೆಗೆ ಲಾಳ ಬಡಿದವನ ಮನೆತನ ನಾಲಬಂದ, ಜೀನು ಹೊಲಿದವನ ಮನೆತನ ಜೀನಗಾರ, ಸವಾರನದು ರಾವುತ. ಒಂದು ಕುದುರೆಯ ಸುತ್ತ ಎಷ್ಟು ಕಸುಬುಗಳು, ಎಷ್ಟು ಮನೆತನಗಳು ಬದುಕಿದ್ದವು! ಹಿಂದೂ ಮುಸಲ್ಮಾನರೆನ್ನದೆ ಆ ಕಸುಬುಗಳನ್ನು ಎಲ್ಲರೂ ಹಂಚಿಕೊಂಡಿದ್ದರು. ಮೋಟಾರು ಬಂದು ಟಾಂಗಾ ಹೋಯಿತು. ಅಡ್ಡಹೆಸರು ಮಾತ್ರ ಉಳಿಯಿತು.

ಹಾಗೆಂದು ನಮ್ಮ ಭಾಗದಲ್ಲಿ ಕುದುರೆಯೇ ಇಲ್ಲವೆಂದು ತಿಳಿಯಬಾರದು. ಮಳೆಗಾಲ ಮುಗಿದ ಮೇಲೆ ಕುರಿಯ ಹಿಂಡುಗಳನ್ನು ಹೊಡೆದುಕೊಂಡು ಬರುವ ಕುರುಬರನ್ನು ಎಲ್ಲರೂ ನೋಡಿರುತ್ತೀರಿ. ಹಿಂಡಿನ ಹಿಂದೆ ಎರಡು ಮೂರು ಗಿಡ್ಡ ತಟ್ಟುಗಳು. ಅವುಗಳ ಬೆನ್ನ ಮೇಲೆ ಬಲೆ, ಕಂಬಳಿ, ಅಡಿಗೆಯ ಪಾತ್ರೆ, ಆಗ ತಾನೆ ಹುಟ್ಟಿದ ಮರಿಗಳು, ಒಮ್ಮೊಮ್ಮೆ ಕೋಳಿ, ಒಮ್ಮೊಮ್ಮೆ ಕೂಸು. ಎರೆ ಹೊಲದಲ್ಲಿ ರಾತ್ರಿ ಕುರಿ ತರುಬಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಕಡಿ ಪಡೆದು, ಬೆಳಗಿಗೆ ಮತ್ತೆ ಮುಂದಿನ ಊರು. ಒಂದು ಇಡೀ ಸಂಸಾರವನ್ನು ಆ ತಟ್ಟು ಹೊರುತ್ತದೆ. ಭೀಮಾ ನದಿಯ ಕಣಿವೆಯ ಇಂಥ ತಟ್ಟುಗಳೇ ಹಿಂದೆ ಮರಾಠರ ರಾವುತ ದಂಡಿಗೆ ಬಲವಾಗಿದ್ದವು. 'ಭೀಮಥಡಿ' ಎಂಬ ಹೆಸರಿನಿಂದ ಆ ತಳಿಯು ಈಚಿನ ವರ್ಷಗಳಲ್ಲಿ ದೇಶದ ಅಧಿಕೃತ ತಳಿಗಳ ಯಾದಿಯಲ್ಲಿ ಮಾರವಾಡಿ, ಕಾಠಿಯಾವಾಡಿಗಳ ಸಾಲಿಗೆ ಸೇರಿತು. ನಾವು ತಿರಸ್ಕಾರದಿಂದ ನೋಡಿದ ತಟ್ಟಿಗೆ ಶಾಸ್ತ್ರಜ್ಞರು ಮಾನ ಕೊಟ್ಟರು. ಇದರ ಹೊರತಾಗಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಜಾತ್ರೆಗಳಲ್ಲಿ ಕುದುರೆ ಗಾಡಿಯ ಶರ್ಯತ್ತುಗಳು ನಡೆಯುತ್ತವೆ. ಅದಕ್ಕೆಂದು ಕುದುರೆ ಸಾಕಿದ ರೈತರು ಇನ್ನೂ ಇದ್ದಾರೆ.

ಅಂಥವರೊಬ್ಬರು ಸವದತ್ತಿಯ ಕಡೆಗೆ ನನ್ನ ಸೋದರಮಾವನ ಓಣಿಯಲ್ಲಿ ಇದ್ದಾರೆ. ಎರಡು ದೀಪಾವಳಿ ಸೂಟಿಗಳಲ್ಲಿ ನಾನು ಅವರ ಕೈಕೆಳಗೆ ಸವಾರಿಯ ಮೊದಲ ಪಾಠಗಳನ್ನು ಕಲಿತೆ. ಮೊದಲ ಎಂಟು ದಿವಸ ಅವರು ನನಗೆ ಜೀನನ್ನು ಮುಟ್ಟಗೊಡಲಿಲ್ಲ. ಲದ್ದಿ ಬಳಿಯುವದು, ಹುರಳಿ ನೆನೆಹಾಕುವದು, ಮೈ ಉಜ್ಜುವದು, ಗೊರಸಿನಲ್ಲಿ ಸಿಕ್ಕ ಹರಳನ್ನು ತೆಗೆಯುವದು, ಇಷ್ಟೇ ಕೆಲಸ. "ಮೊದಲ ಅದರ ಹೊಟ್ಟಿ ನೋಡಪಾ ತಮ್ಮಾ, ಆಮ್ಯಾಲ ಬೆನ್ನ ಕೇಳೀಯಂತ" ಎಂದು ಅವರು ಹೇಳಿದ ಮಾತು ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ನನಗೆ ಹೆಚ್ಚು ಕಲಿಸಿತು.

ಆ ಎಂಟು ದಿವಸಗಳಲ್ಲಿ ನಾನು ತಿಳಿದದ್ದು ಬಹಳ. ಕುದುರೆಯು ಎತ್ತಿನಂತೆ ಮೆಲಕು ಹಾಕುವದಿಲ್ಲ. ತಿಂದದ್ದನ್ನು ವಾಂತಿ ಮಾಡಲಿಕ್ಕೂ ಅದಕ್ಕೆ ಬರುವದಿಲ್ಲ. ಆದ್ದರಿಂದ ಹೊಟ್ಟೆಶೂಲೆ ಬಂದರೆ ಅದರ ಪ್ರಾಣಕ್ಕೇ ಕುತ್ತು. ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪವಾಗಿ ಮೇವು ಹಾಕಬೇಕು. ಅದರ ಕಣ್ಣುಗಳು ಮುಖದ ಎರಡು ಬದಿಗೆ ಇರುವದರಿಂದ ಸುತ್ತಲಿನದೆಲ್ಲ ಕಂಡರೂ ನೇರ ಬೆನ್ನ ಹಿಂದಿನದು ಕಾಣದು. ಹಿಂದಿನಿಂದ ಸದ್ದಿಲ್ಲದೆ ಹೋದವನು ಒದೆ ತಿನ್ನುತ್ತಾನೆ, ಅದು ಕುದುರೆಯ ತಪ್ಪಲ್ಲ. ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲಕ್ಕೆ ಬೆದರುವ ಈ ಪ್ರಾಣಿಯು ಹೆದರಿದ ಸವಾರನನ್ನು ಬಹುಬೇಗ ಗುರುತಿಸುತ್ತದೆ. ಲಗಾಮನ್ನು ಜಗ್ಗಿದಷ್ಟೂ ಅದು ಬಾಯಿ ಬಿಗಿಯುತ್ತದೆ. ಕೈ ಸಡಿಲಿಸಿದರೆ ಕಿವಿ ನಿಮಿರಿಸಿ ಮುಂದೆ ನಡೆಯುತ್ತದೆ. ಸಿಟ್ಟಿನ ಮನುಷ್ಯನು ಒಳ್ಳೆಯ ಸವಾರನಾಗಲಾರ. ತಾಳ್ಮೆ, ಸಮತೋಲ, ಮತ್ತೊಂದು ಜೀವದ ಮನಸ್ಸನ್ನು ಅರಿಯುವ ಶಕ್ತಿ, ಇವುಗಳನ್ನು ಬೆಳೆಸಬೇಕೆಂದು ನಮ್ಮ ಶಿಕ್ಷಣತಜ್ಞರು ಉದ್ದುದ್ದ ಭಾಷಣ ಮಾಡುತ್ತಾರೆ. ಅವು ಇಲ್ಲಿ ಭಾಷಣವಿಲ್ಲದೆ ಬೆಳೆಯುತ್ತವೆ.

ಇನ್ನು ನಿಸರ್ಗ ಸಂಚಾರದ ಮಾತು. ಮೋಟಾರ್ ಸೈಕಲ್ಲಿನ ಮೇಲೆ ಹೋದರೆ ನೋಡಲಾಗದೆ? ಎಂದು ನನ್ನ ಸಂಗಡಿಗರು ಕೇಳುತ್ತಾರೆ. ಮೋಟಾರ್ ಸೈಕಲ್ಲಿನವನ ಕಣ್ಣು ರಸ್ತೆಯ ತಗ್ಗಿನ ಮೇಲೆಯೇ ಇರಬೇಕು. ಕಾಲ್ನಡಿಗೆ ಉತ್ತಮ, ಅದನ್ನು ನಾನು ಅಲ್ಲಗಳೆಯುವದಿಲ್ಲ. ಆದರೆ ಗೋವಿನಜೋಳದ ಹೊಲಗಳ ನಡುವಿನ ಕಾಲುದಾರಿಯಲ್ಲಿ ನಡೆಯುವವನಿಗೆ ಎರಡು ಕಡೆಗೂ ಹಸಿರು ಗೋಡೆ. ಕುದುರೆಯ ಮೇಲಿದ್ದವನಿಗೆ ಅದೇ ಬೆಳೆ ಎದೆಯ ಮಟ್ಟಕ್ಕೆ ಬಂದು, ಅದರಾಚೆಗೆ ಗುಡ್ಡ, ಗುಡ್ಡದ ಮೇಲಿನ ಗುಡಿ, ದೂರದ ಹೊಳೆಯ ಮಿಂಚು ಎಲ್ಲವೂ ತೆರೆದುಕೊಳ್ಳುತ್ತವೆ. ತಾಸಿಗೆ ಐದಾರು ಕಿಲೋಮೀಟರಿನ ಹೆಜ್ಜೆ ನಡಿಗೆ. ದಾರಿ ನೋಡುವ ಹೊಣೆಯನ್ನು ಕುದುರೆಯೇ ಹೊತ್ತಿರುವದರಿಂದ ಸವಾರನ ಕಣ್ಣಿಗೆ ಬಿಡುವು. ಪಕ್ಷಿಗಳು ಮನುಷ್ಯನನ್ನು ಕಂಡು ಹಾರಿದಷ್ಟು ಬೇಗನೆ ಕುದುರೆಯನ್ನು ಕಂಡು ಹಾರುವದಿಲ್ಲ. ನವಿಲುತೀರ್ಥದ ಕಡೆಗೆ ಒಂದು ಬೆಳಗಿನಲ್ಲಿ ನಾನು ಹತ್ತು ಮಾರು ದೂರದಿಂದ ನೋಡಿದ ನವಿಲುಗಳು ನಮ್ಮನ್ನು ದನಕರುಗಳೆಂದೇ ಭಾವಿಸಿ ಮೇಯುತ್ತಿದ್ದವು.

ನೋಡತಕ್ಕ ಸ್ಥಳಗಳಿಗಾದರೂ ಕೊರತೆಯೆ? ಬೈಲಹೊಂಗಲದ ಸಮಾಧಿಯಿಂದ ಹೊರಟು ಮಲಪ್ರಭೆಯ ಕಡೆಗೆ ಇಳಿದರೆ ರಾಯಣ್ಣನ ಸಂಗೊಳ್ಳಿ. ಅಲ್ಲಿಂದ ಪಶ್ಚಿಮಕ್ಕೆ ಹೋದಂತೆ ಎರೆ ನೆಲ ಮುಗಿದು ಕೆಂಪು ಮಣ್ಣು, ಗಿಡಮರ ಹೆಚ್ಚುತ್ತ ಕಿತ್ತೂರಿನ ಪಾಳುಬಿದ್ದ ಅರಮನೆ ಬರುತ್ತದೆ. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಗೆರೆ ಎಲ್ಲಿದೆ ಎಂಬದು ನಕಾಶೆಯಲ್ಲಿ ತಿಳಿಯದು. ಕುದುರೆಯ ಗೊರಸಿನ ಸಪ್ಪಳ ಬದಲಾದಾಗ ತಿಳಿಯುತ್ತದೆ. ಪೂರ್ವಕ್ಕೆ ಹೊರಟರೆ ಬೆಳವಡಿ. ಕಲ್ಲುಗುಡ್ಡದ ನಡುವೆ ನೀರು ಧುಮುಕುವ ಸೊಗಲದ ಸೋಮೇಶ್ವರ. ಸವದತ್ತಿಯಲ್ಲಿ 18ನೆಯ ಶತಮಾನದ ದೇಸಾಯರ ಕೋಟೆ. ಅದರ ಬುರುಜಿನ ಮೇಲೆ ನಿಂತರೆ ಕಣ್ಣು ಹರಿದಷ್ಟು ದೂರ ಕಪ್ಪು ನೆಲ. ಆಚೆಗೆ ಎಲ್ಲಮ್ಮನ ಗುಡ್ಡ, ಪರಸಗಡದ ಹಳೆಯ ದುರ್ಗ. ಹೂಲಿಯ ಪಂಚಲಿಂಗೇಶ್ವರ ಗುಡಿ. ತನ್ನ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆಂದು ಬಿಟ್ಟುಹೋದ ತ್ಯಾಗವೀರ ಲಿಂಗರಾಜರ ಶಿರಸಂಗಿ. ಗುಡ್ಡವನ್ನು ಸೀಳಿ ಮಲಪ್ರಭೆ ಹೊರಬೀಳುವ ನವಿಲುತೀರ್ಥದಲ್ಲಿ 1970ರ ದಶಕದಲ್ಲಿ ಮುಗಿದ ಅಣೆಕಟ್ಟು. ಅದರ ಕೆಳಗೆ ಹೊಳೆಯ ಗುಂಟ ಸಾಗಿದರೆ ತೊರಗಲ್ಲಿನ ಕೋಟೆ, ರಾಮದುರ್ಗ, ಸುರೇಬಾನ, ಶಬರಿಕೊಳ್ಳ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ರಾಮದುರ್ಗವನ್ನು ಹೊಕ್ಕಿತ್ತು. ಕುದುರೆಯ ಮೇಲೆ ಹೊಳೆಯ ದಂಡೆಯುದ್ದಕ್ಕೂ ಹೋದವನಿಗೆ ಆ ನೀರು ಎಲ್ಲಿಯ ವರೆಗೆ ಏರಿತ್ತೆಂಬದನ್ನು ಹೊಲದವರು ಕೈಮಾಡಿ ತೋರಿಸುತ್ತಾರೆ. ಕಾರಿನಲ್ಲಿ ಹೋದವನನ್ನು ನಿಲ್ಲಿಸಿ ಯಾರು ತೋರಿಸುವರು?

ನೋಡುವ ಕಣ್ಣಿದ್ದರೆ ಸವಾರಿಯಿಂದ ಎಂಥ ವಿದ್ಯೆ ದೊರೆಯುವದೆಂಬದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1824ರ ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಈಲಿಯಟ್ ಎಂಬ ತರುಣನೊಬ್ಬ. ಚೆನ್ನಮ್ಮನ ಸೆರೆಯಿಂದ ಬಿಡುಗಡೆಯಾದ ಮೇಲೆ ಅವನು ಇದೇ ಪ್ರಾಂತದಲ್ಲಿ ಚಾಕರಿ ಮಾಡುತ್ತ ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿದನು. ರೈಲಿಲ್ಲದ ಆ ಕಾಲದಲ್ಲಿ ಅಧಿಕಾರಿಗಳ ಫಿರತಿಯೆಂದರೆ ಕುದುರೆಯ ಮೇಲಿನ ಫಿರತಿಯೇ. ಹಾಗೆ ಕೂಡಿಹಾಕಿದ ಶಾಸನಗಳು ಸುಮಾರು 600. ಚಾಲುಕ್ಯರ, ರಟ್ಟರ ಚರಿತ್ರೆಯನ್ನು ಬರೆಯಲಿಕ್ಕೆ ಆ ಸಂಗ್ರಹವು ಮೊದಲ ಮೆಟ್ಟಲುಗಳಲ್ಲಿ ಒಂದಾಯಿತು. ಪರರಾಜ್ಯದ ಚಾಕರನು ನಮ್ಮ ಕಲ್ಲುಗಳನ್ನು ಕುದುರೆ ನಿಲ್ಲಿಸಿ ನೋಡಿದನು. ಆ ಕಲ್ಲಿನ ಮಕ್ಕಳಾದ ನಾವು ಬಸ್ಸಿನ ಕಿಟಕಿಯನ್ನು ಮುಚ್ಚಿ ಮಲಗುತ್ತೇವೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು, ಅದು ಕಡೆಗಣಿಸತಕ್ಕದ್ದಲ್ಲ. 'ಸವಾರಿ' ಎಂಬ ಶಬ್ದಕ್ಕೇ ದರ್ಪದ ವಾಸನೆ ಇದೆ. ನಮ್ಮ ಮೇಲೆ ಸವಾರಿ ಮಾಡಬೇಡ ಎನ್ನುತ್ತೇವೆ. ಕುದುರೆಯ ಮೇಲಿದ್ದವನು ಅಧಿಕಾರಿ, ನೆಲದ ಮೇಲಿದ್ದವನು ಪ್ರಜೆ, ಎಂಬದೇ ಬಹುಕಾಲದ ರೀತಿಯಾಗಿತ್ತು. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ನನು ಕೆಲವೇ ರಾವುತರ ಬೆಂಗಾವಲಿನೊಂದಿಗೆ ರಾಮದುರ್ಗದಿಂದ ನರಗುಂದದತ್ತ ಹೊರಟು ಸುರೇಬಾನದಲ್ಲಿ ತಂಗಿದ ರಾತ್ರಿ ಬಾಬಾಸಾಹೇಬನ ಜನ ಅವನನ್ನು ಕೊಂದರು. ಆಳುವವನ ಕುದುರೆಗೆ ಜನ ಕೊಟ್ಟ ಉತ್ತರವದು. ಅಷ್ಟು ಹಿಂದಿನ ಮಾತೇಕೆ? ಉತ್ತರ ಭಾರತದ ಕೆಲವೆಡೆ ದಲಿತ ವರನು ಮದುವೆಯ ಮೆರವಣಿಗೆಯಲ್ಲಿ ಕುದುರೆಯೇರಿದ್ದಕ್ಕೆ ಅವನನ್ನು ಇಳಿಸಿದ, ಹೊಡೆದ ಸುದ್ದಿಗಳು ಈ ಶತಮಾನದಲ್ಲಿಯೂ ಪತ್ರಿಕೆಗಳಲ್ಲಿ ಬಂದಿವೆ. ಕುದುರೆಯ ಬೆನ್ನು ಯಾರದೆಂಬ ಪ್ರಶ್ನೆ ಇನ್ನೂ ಮುಗಿದಿಲ್ಲ.

ಆದ್ದರಿಂದಲೇ ಈ ವಿದ್ಯೆಯು ರಿಸಾರ್ಟುಗಳಿಗೂ ಶ್ರೀಮಂತರ ಕ್ಲಬ್ಬುಗಳಿಗೂ ಬಿಟ್ಟುಕೊಡತಕ್ಕದ್ದಲ್ಲವೆಂದು ನಾನು ವಾದಿಸುತ್ತೇನೆ. ಸರಕಾರಿ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಗೌಡರ ಮಗನೂ ಕೂಲಿಕಾರನ ಮಗಳೂ ಕೂಡುತ್ತಾರೆ. ಅದೇ ಕಾಲೇಜು ಒಂದೇ ಕುದುರೆಯ ಮೇಲೆ ಸರದಿಯಂತೆ ಇಬ್ಬರನ್ನೂ ಕೂಡಿಸಲಿ. ಬೆಳಿಗ್ಗೆ ಇಬ್ಬರೂ ಸರದಿಯಂತೆ ಲದ್ದಿ ಬಳಿಯಲಿ. ಇದಕ್ಕಿಂತ ಒಳ್ಳೆಯ ಸಮಾನತೆಯ ಪಾಠ ನನಗೆ ತೋರದು. ಹೆಣ್ಣುಮಕ್ಕಳ ಬಗೆಗೂ ಇದೇ ಮಾತು. ಹುಡುಗಿಯರಿಗೇಕೆ ಕುದುರೆ ಎನ್ನುವ ಹಿರಿಯರು ಬೆಳವಡಿಗೆ ಹೋಗಿ ಆ ಮಾತನ್ನು ಗಟ್ಟಿಯಾಗಿ ಹೇಳಿ ಬರಲಿ.

ಈಗ ಕುದುರೆಯ ಋಣದ ಮಾತು. ಪ್ರವಾಸಕ್ಕೆ ಹೆಸರಾದ ಒಂದು ಊರಿನಲ್ಲಿ ನಾನು ಜೀನಿನ ಕೆಳಗೆ ಹುಣ್ಣಾದ ಕುದುರೆಯನ್ನು ನೋಡಿದ್ದೇನೆ. ಅದರ ಮೇಲೆ ತೂಕದ ಮನುಷ್ಯನೊಬ್ಬ ಮಗುವನ್ನು ಮುಂದೆ ಕೂಡಿಸಿಕೊಂಡು ನಗುತ್ತಿದ್ದನು. ಕುದುರೆಯವನನ್ನು ಕೇಳಿದರೆ, ಸೂಟಿಯ ಎರಡು ತಿಂಗಳಲ್ಲಿ ಗಳಿಸದಿದ್ದರೆ ಉಳಿದ ಹತ್ತು ತಿಂಗಳು ತನಗೂ ಅದಕ್ಕೂ ಉಪವಾಸವೆಂದನು. ಅವನ ಮಾತೂ ಸುಳ್ಳಲ್ಲ. ಮುಂಬಯಿಯಲ್ಲಿ ವಿಕ್ಟೋರಿಯಾ ಗಾಡಿಗಳ ಮೋಜಿನ ಓಡಾಟವನ್ನು ಉಚ್ಚ ನ್ಯಾಯಾಲಯವು 2015ರಲ್ಲಿ ಕಾನೂನು ಬಾಹಿರವೆಂದು ಸಾರಿದಾಗ ಕುದುರೆಗಳಿಗೆ ಬಿಡುಗಡೆಯಾಯಿತು, ಗಾಡಿಯವರಿಗೆ ಹೊಟ್ಟೆಯ ಚಿಂತೆಯಾಯಿತು. ನಿಯಮವಿಲ್ಲದೆ ಬೆಳೆದ ವ್ಯಾಪಾರದ ಕೊನೆ ಹೀಗೆಯೇ.

ನಿಯಮಗಳು ನಮ್ಮ ದೇಶದಲ್ಲಿ ಇಲ್ಲದಿಲ್ಲ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆಯ ಕೆಳಗೆ 1965ರಲ್ಲಿ ಹೇರು ಹೊರುವ, ಗಾಡಿ ಎಳೆಯುವ ಪ್ರಾಣಿಗಳಿಗಾಗಿ ನಿಯಮಗಳಾದವು. ಅದರಂತೆ ತಟ್ಟಿನ ಬೆನ್ನ ಮೇಲೆ ಹೇರಬಹುದಾದ ಭಾರ 70 ಕಿಲೋಗ್ರಾಂ. ದಿನಕ್ಕೆ 9 ತಾಸಿಗಿಂತ ಹೆಚ್ಚು, ಬಿಡುವಿಲ್ಲದೆ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಮಾನ 37 ಡಿಗ್ರಿ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ದುಡಿಸುವಂತಿಲ್ಲ. ಈ ಅಂಕೆಗಳನ್ನು ನಮ್ಮ ಬೇಸಿಗೆಗೆ ಹೊಂದಿಸಿ ನೋಡಿರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸವದತ್ತಿ, ರಾಮದುರ್ಗಗಳ ಮಧ್ಯಾಹ್ನ ಎಂಥದೆಂಬದು ಎಲ್ಲರಿಗೂ ಗೊತ್ತು. ಅಷ್ಟೇ ಅಲ್ಲ, ಆಗ ಎರೆ ನೆಲ ಬಾಯಿಬಿಟ್ಟು ನಿಂತಿರುತ್ತದೆ. ಆ ಬಿರುಕಿನಲ್ಲಿ ಕಾಲಿಟ್ಟ ಕುದುರೆಯ ಕಾಲು ಮುರಿಯುತ್ತದೆ. ಮಳೆಗಾಲದಲ್ಲಿ ಅದೇ ನೆಲ ಗೊರಸನ್ನು ಹಿಡಿದು ಬಿಡದು. ಹೀಗಾಗಿ ನಮ್ಮ ಭಾಗದ ಸವಾರಿಯ ಕಾಲವೆಂದರೆ ಅಕ್ಟೋಬರದಿಂದ ಫೆಬ್ರುವರಿ. ದೀಪಾವಳಿಯ ಸೂಟಿ, ಕಿತ್ತೂರು ಉತ್ಸವ, ಸಂಕ್ರಾಂತಿ ಎಲ್ಲವೂ ಇದರಲ್ಲಿಯೇ ಬರುತ್ತವೆ. ಬೇಸಿಗೆಯ ಸೂಟಿಯನ್ನು ಕುದುರೆಗೂ ಸೂಟಿಯೆಂದು ಬಿಡುವದೇ ಯೋಗ್ಯ. ಎಪ್ಪತ್ತು ಕಿಲೋ ಮೀರಿದ ನಮ್ಮ ಗೆಳೆಯರು ತಟ್ಟಿನ ಮಗ್ಗುಲಲ್ಲಿ ನಡೆದು ಬರಲಿ; ಇಬ್ಬರಿಗೂ ಹಿತ.

ಈ ಮಾತನ್ನು ಈಗಲೇ ಏಕೆ ಎತ್ತಬೇಕೆಂದರೆ, ಹೊತ್ತು ಬಂದಿದೆ. ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗೆಂದು ರಾಜ್ಯ ಸರಕಾರವು ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿತು. 2024ರಲ್ಲಿ ಕೇಂದ್ರದಿಂದಲೂ ಸುಮಾರು 100 ಕೋಟಿ ರೂಪಾಯಿ ಮಂಜೂರಾಯಿತು. ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಭಕ್ತರ ಜೊತೆಗೆ ಮುಂದೆ ಪ್ರವಾಸಿಗರೂ ಹೆಚ್ಚುವರು. ಪ್ರವಾಸಿಗರು ಬಂದಲ್ಲಿ ಕುದುರೆಯ ವ್ಯಾಪಾರವೂ ಬರುತ್ತದೆ. ಅದು ಹೊರಗಿನ ಗುತ್ತಿಗೆದಾರನ ಬಡಕಲು ಕುದುರೆಗಳ ನೂರು ಹೆಜ್ಜೆಯ ಸವಾರಿಯಾಗಬೇಕೋ, ನಮ್ಮ ರೈತರ, ಕುರುಬರ, ಹಳೆಯ ಟಾಂಗಾದವರ ಮಕ್ಕಳು ಮಾನದಿಂದ ಮಾಡುವ ಕಸುಬಾಗಬೇಕೋ ಎಂಬದನ್ನು ಮೊದಲೇ ನಿರ್ಧರಿಸಬೇಕು. ನೆರಳು, ನೀರಿನ ತೊಟ್ಟಿ, ತೂಕದ ಕಾಟಾ, ಮಧ್ಯಾಹ್ನದ ವಿಶ್ರಾಂತಿ, ತಿಂಗಳಿಗೊಮ್ಮೆ ಪಶುವೈದ್ಯರ ತಪಾಸಣೆ, ಇವಿಷ್ಟು ಇಲ್ಲದೆ ಒಂದು ಕುದುರೆಗೂ ಪರವಾನಗಿ ಕೊಡಬಾರದು. ದರವನ್ನು ನಿಮಿಷದ ಲೆಕ್ಕದಲ್ಲಿ ಇಡದೆ ಅರ್ಧ ದಿವಸದ ಸಂಚಾರದ ಲೆಕ್ಕದಲ್ಲಿ ಇಡಬೇಕು. ಆಗ ಕುದುರೆಗೆ ದಿನಕ್ಕೆ ಇಬ್ಬರೇ ಸವಾರರು, ಒಡೆಯನಿಗೆ ಸಾಕಷ್ಟು ಹಣ, ಪ್ರವಾಸಿಗನಿಗೆ ನಾಡಿನ ನಿಜವಾದ ದರ್ಶನ.

ಇದೆಲ್ಲ ಖರ್ಚಿನ ಬಾಬು, ಅಪಾಯದ ಬಾಬು ಎಂದು ಕೆಲವರು ತಲೆ ಅಲ್ಲಾಡಿಸಬಹುದು. ಕಾಲೇಜು ಕುದುರೆ ಕೊಳ್ಳಲಿ ಎಂದು ನಾನು ಹೇಳುವದಿಲ್ಲ. ಕೊಂಡ ಕುದುರೆ ಸೂಟಿಯಲ್ಲಿ ಯಾರ ಪಾಲಾದೀತು? ಕುದುರೆ ಸಾಕಿದವರು ನಮ್ಮ ಸುತ್ತಲೂ ಇದ್ದಾರೆ. ಶರ್ಯತ್ತು ಇಲ್ಲದ ತಿಂಗಳುಗಳಲ್ಲಿ ಅವರಿಗೂ ಹುರಳಿಯ ಖರ್ಚು ತಪ್ಪಿಲ್ಲ. ನಮ್ಮ ಜಿಮಖಾನಾ ನಿಧಿಯಲ್ಲಿ ಸ್ವಲ್ಪ ಹಣವನ್ನು ತೆಗೆದಿಟ್ಟು, ಅಂಥ ಒಬ್ಬ ಒಡೆಯರನ್ನು ಗುರುವೆಂದು ಕರೆದು, ವಾರಕ್ಕೆ ಎರಡು ಬೆಳಗು ಪಾಠ ಇಡಬಹುದು. ತಲೆಗೆ ಶಿರಸ್ತ್ರಾಣ ಕಡ್ಡಾಯವಿರಲಿ. ಮೊದಲ ತಿಂಗಳು ಹೆಜ್ಜೆ ನಡಿಗೆ, ಎರಡನೆಯ ತಿಂಗಳು ಕುಕ್ಕುಲೋಟ, ನಾಗಾಲೋಟದ ಮಾತನ್ನು ಎತ್ತುವದೇ ಬೇಡ. ಬಿದ್ದರೆ? ಎಂದು ಕೇಳುವ ತಂದೆತಾಯಿಗಳು ತಮ್ಮ ಮಕ್ಕಳು ಹೆದ್ದಾರಿಯಲ್ಲಿ ಮೂವರು ಕೂಡಿ ಮೋಟಾರ್ ಸೈಕಲ್ ಓಡಿಸುವದನ್ನು ಒಮ್ಮೆ ನೆನೆಯಬೇಕು. ಎನ್.ಸಿ.ಸಿ.ಯಲ್ಲಿಯೂ ಕುದುರೆ ಸವಾರಿ ಕಲಿಸುವ ರಿಮೌಂಟ್ ಮತ್ತು ವೆಟರಿನರಿ ಶಾಖೆಯೊಂದಿದೆ. ಬೆಂಗಳೂರಿನಂಥ ಊರಿನ ವಿದ್ಯಾರ್ಥಿಗಳಿಗೆ ದೊರೆಯುವ ಆ ಅವಕಾಶವನ್ನು ಚೆನ್ನಮ್ಮನ ನೆಲದ ವಿದ್ಯಾರ್ಥಿಗಳೂ ಕೇಳುವದರಲ್ಲಿ ಅನುಚಿತವೇನಿದೆ?

ಮೊದಲ ಸಂಚಾರಕ್ಕೆ ನಾನೊಂದು ದಾರಿ ಸೂಚಿಸುತ್ತೇನೆ. ಬೈಲಹೊಂಗಲದಿಂದ ನಸುಕಿನಲ್ಲಿ ಹೊರಟು ಬೆಳವಡಿ. ಅಲ್ಲಿ ಕುದುರೆಗೂ ನಮಗೂ ಬುತ್ತಿ. ಮಧ್ಯಾಹ್ನ ನೆರಳಿನಲ್ಲಿ ವಿಶ್ರಾಂತಿ. ಮರುದಿವಸ ಸೊಗಲ. ಹತ್ತು ಜನ ವಿದ್ಯಾರ್ಥಿಗಳಿಗೆ ಮೂರು ಕುದುರೆ ಸಾಕು; ಸರದಿಯಂತೆ ಹತ್ತುವದು, ಉಳಿದವರು ನಡೆಯುವದು. ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಟಿಪ್ಪಣಿ ಪುಸ್ತಕವಿರಲಿ. ಕಂಡ ವೀರಗಲ್ಲು, ಕೇಳಿದ ಹಾಡು, ಹಳೆಯ ಬಾವಿ, ಹೊಸದಾಗಿ ಬತ್ತಿದ ಹಳ್ಳ ಎಲ್ಲವನ್ನೂ ಅದರಲ್ಲಿ ಬರೆಯಲಿ. ಆ ಟಿಪ್ಪಣಿಗಳನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಚ್ಚು ಹಾಕಿದರೆ ನಮ್ಮ ತಾಲೂಕಿನ ಬಗೆಗೆ ನಾವೇ ಬರೆದ ಕೋಶವೊಂದು ಸಿದ್ಧವಾಗುವದು.

ನನ್ನ ಈ ವಿಚಾರಗಳನ್ನು ಎಲ್ಲರೂ ಒಪ್ಪಲೇಬೇಕೆಂಬ ಹಟವಿಲ್ಲ. ಒಪ್ಪದವರು ತಮ್ಮ ಕಾರಣಗಳನ್ನು ಬರೆಯಲಿ, ಚರ್ಚೆಯಾಗಲಿ. ಒಪ್ಪಿದವರು ಮಾತ್ರ ಬರುವ ದೀಪಾವಳಿಯ ವರೆಗೆ ಸುಮ್ಮನೆ ಕೂಡದೆ, ತಮ್ಮ ಊರಿನಲ್ಲಿ ಕುದುರೆ ಸಾಕಿದವರು ಯಾರೆಂಬದನ್ನು ವಿಚಾರಿಸಿ ಹೆಸರು ಬರೆದಿಡಲಿ. ಅವರ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗದೆ ಒಂದು ಸೇರು ಹುರಳಿ ಕಟ್ಟಿಕೊಂಡು ಹೋಗಲಿ.